ಗಾಳಿ ಇದೆ ಎಂದ ಅಜ್ಜ

ಮಾರ್ಚ್ 4, ಸೋಮವಾರ
ಬಿಪಿ: 130/80

ಡಾಕ್ಟರು ಈ ನೋಟ್‌ಬುಕ್ ಕೊಟ್ಟು, ದಿನಾ ಬಿಪಿ ನೋಡಿ ಬರೆಯಿರಿ, ಮುಂದಿನ ತಿಂಗಳು ಬಂದು ತೋರಿಸಿ ಎಂದರು. ಬಿಪಿಗೆ ಒಂದು ಸಾಲು ಸಾಕು, ಇವರು ಕೊಟ್ಟಿರುವುದು ಇನ್ನೂರು ಪುಟ. ಉಳಿದ ಜಾಗವನ್ನು ಖಾಲಿ ಬಿಡಲು ಮನಸ್ಸಾಗಲಿಲ್ಲ. ತೋರಿಸುವ ದಿನ ಅಂಕಿಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿಕೊಂಡು ಹೋದರಾಯಿತು.

ಮೇಲಿನದು ಅಂದಾಜು. ಮೆಷಿನ್ನಿನ ಸೆಲ್ ಮುಗಿದಿದೆ. ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿ ದುಡಿದವನಿಗೆ ತನ್ನ ಮೈಯ ಒತ್ತಡ ಎಷ್ಟಿದೆ ಎಂದು ತಿಳಿಯದೆ ಹೋದೀತೇ?

ಇವತ್ತು ಕಾರ್ಖಾನೆಯಲ್ಲಿ ಮೀಟಿಂಗ್. ಮ್ಯಾನೇಜರ್ ಗೋಡೆಯ ಮೇಲೆ ಬಣ್ಣದ ಚಿತ್ರ ಬಿಟ್ಟು ಒಂದು ಗಂಟೆ ಹತ್ತು ನಿಮಿಷ ಮಾತಾಡಿದರು. ಸಾರಾಂಶ ಇಷ್ಟೇ: ಬಿಸ್ಕತ್ತಿನ ಓವನ್ ಏನು ಮಾಡುತ್ತಿದೆ ಎಂಬುದು ಅವರಿಗೆ ಕುರ್ಚಿಯಿಂದ ಏಳದೆ ಕಾಣಬೇಕು. ಅವರ ಕುರ್ಚಿಯಿಂದ ಓವನ್‌ಗೆ ನೂರಿಪ್ಪತ್ತು ಹೆಜ್ಜೆ, ನಾನು ಎಣಿಸಿದ್ದೇನೆ. ಆ ನೂರಿಪ್ಪತ್ತು ಹೆಜ್ಜೆ ಉಳಿಸಲು ಹೊರಗಿನಿಂದ ಎಂಜಿನಿಯರ್ ಬರುತ್ತಾರಂತೆ, ಗೋಡೆ ತುಂಬುವಷ್ಟು ದೊಡ್ಡ ಟಿವಿ ಬರುತ್ತದಂತೆ, ಏಪ್ರಿಲ್ ಐದಕ್ಕೆ ದೊಡ್ಡ ಸಾಹೇಬರು ಬಂದು ಗುಂಡಿ ಒತ್ತುತ್ತಾರಂತೆ.

"ಇಷ್ಟು ವರ್ಷ ಅಜ್ಜ ಒಬ್ಬನೇ ಮೂಲೇಲಿ ಕೂತಿದ್ದ. ಇನ್ಮೇಲೆ ಎಲ್ಲರ ಜೊತೆ ಮಾತಾಡ್ತಾನೆ," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಸದ್ದು ಬಾರದ ಹಾಗೆ.

ಅಜ್ಜ ಎಂದರೆ ಓವನ್ ಪಕ್ಕದ ಕಬ್ಬಿಣದ ಕಪಾಟಿನೊಳಗಿರುವ ಹಳೆಯ ಕಂಟ್ರೋಲರ್. ಗ್ಯಾಸ್ ಎಷ್ಟು ಬಿಡಬೇಕು, ಬೆಲ್ಟ್ ಎಷ್ಟು ಜೋರಾಗಿ ಓಡಬೇಕು, ಯಾವ ಫ್ಯಾನ್ ತಿರುಗಬೇಕು ಎಂದು ಇಪ್ಪತ್ತಾರು ವರ್ಷದಿಂದ ಅಪ್ಪಣೆ ಕೊಡುತ್ತಿರುವುದು ಅದೇ. ಅದಕ್ಕೆ ನೆಟ್‌ವರ್ಕು ಪಾಟ್‌ವರ್ಕು ತಿಳಿಯದು. ಅದು ಮಾತಾಡುವುದು ನನ್ನ ಹಳೇ ಲ್ಯಾಪ್‌ಟಾಪಿನ ಜೊತೆ ಮಾತ್ರ, ಅದೂ ಒಂದು ದಪ್ಪ ಕೇಬಲ್ ಚುಚ್ಚಿದರೆ. ಹನ್ನೊಂದು ವರ್ಷದಿಂದ ಓವನ್ ಒಮ್ಮೆಯೂ ಕೆಟ್ಟು ನಿಂತಿಲ್ಲ. ಹಾಗೆ ಐದು ವರ್ಷ ತುಂಬಿದಾಗ ಕಂಪನಿ ಕೊಟ್ಟ ಫಲಕ ನಮ್ಮ ಮನೆಯ ಫ್ರಿಜ್ಜಿನ ಮೇಲಿದೆ. ಇಂಥ ಅಜ್ಜನಿಗೆ ಈಗ ಮಾತು ಕಲಿಸಲು ಹೊರಗಿನವರು ಬರಬೇಕಂತೆ.

ಮಾರ್ಚ್ 7, ಗುರುವಾರ
ಬಿಪಿ: 130/80 (ಅಂದಾಜು)

ಎಂಜಿನಿಯರ್ ಬಂದಾಯಿತು. ಹೆಂಗಸು, ಮೂವತ್ತರ ಆಚೀಚೆ. ಬೆನ್ನಿಗೊಂದು ಚೀಲ, ಕೈಯಲ್ಲೊಂದು ಬೂದು ಬಣ್ಣದ ಡಬ್ಬಿ. ಡಬ್ಬಿಯ ಒಂದು ಕಡೆ ಅಜ್ಜನ ಕೇಬಲ್ ಚುಚ್ಚಬೇಕು, ಇನ್ನೊಂದು ಕಡೆ ಆಫೀಸಿನ ಕಂಪ್ಯೂಟರುಗಳಿಗೆ ಹೋಗುವ ನೀಲಿ ವೈರು. ನಡುವೆ ಕೂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮುಟ್ಟಿಸುವುದು ಡಬ್ಬಿಯ ಕೆಲಸ. ಮದುವೆ ದಲ್ಲಾಳಿಗಳು ಮಾಡುವುದೂ ಇದನ್ನೇ. ಶಾಪ್‌ಫ್ಲೋರಿನ ಕೆಲಸಗಾರರಲ್ಲಿ ಮಧ್ಯಾಹ್ನದೊಳಗೆ ಅವಳಿಗೆ 'ಡಬ್ಬಿಯವಳು' ಎಂದು ಹೆಸರಾಯಿತು. ಇಟ್ಟವನು ನಾನೇ.

ಡಬ್ಬಿಯವಳು ಅಜ್ಜನ ಕಪಾಟು ತೆಗೆದು, ಒಂದು ನಿಮಿಷ ಏನೂ ಮುಟ್ಟದೆ ನೋಡಿದಳು. "ಎಷ್ಟು ಚೊಕ್ಕಟವಾಗಿ ಇಟ್ಟಿದ್ದೀರಿ ಸರ್!" ಎಂದಳು. ನನಗೆ ಖುಷಿಯಾಯಿತು, ಮುಖ ಗಂಟಿಕ್ಕಿಕೊಂಡೇ ಇದ್ದೆ. ಆಮೇಲೆ ಅಜ್ಜನ ಎದೆಯ ಮೇಲಿನ ದೀಪಗಳ ಸಾಲಿಗೆ ಬೆರಳು ತೋರಿಸಿ, "ಈ ಒಂದಕ್ಕೆ ಮಾತ್ರ ಕಪ್ಪು ಟೇಪ್ ಯಾಕೆ?" ಎಂದಳು.

"ಕಣ್ಣಿಗೆ ಚುಚ್ಚುತ್ತೆ. ಅದಕ್ಕೆ," ಎಂದೆ.

ಅವಳು ಹೂಂ ಎಂದು ಮುಂದಕ್ಕೆ ಹೋದಳು. ನಾನು ಟೇಪನ್ನು ಹೆಬ್ಬೆರಳಿನಿಂದ ಇನ್ನೊಮ್ಮೆ ಒತ್ತಿ ಕೂರಿಸಿದೆ.

ಇದನ್ನು ಯಾರಿಗೂ ಹೇಳಿಲ್ಲ, ಇಲ್ಲಿ ಬರೆದಿಡುತ್ತೇನೆ. ಓವನ್ನಿನ ಹೊಗೆಯನ್ನು ಹೊರಗೆ ಎಳೆಯಲು ಮೇಲೊಂದು ದೊಡ್ಡ ಫ್ಯಾನ್ ಇದೆ. ಅದರ ಕೊಳವೆಯಲ್ಲಿ ಗಾಳಿ ಹರಿಯುತ್ತಿದೆಯೋ ಇಲ್ಲವೋ ಎಂದು ನೋಡಿ ಅಜ್ಜನಿಗೆ ತಿಳಿಸಲು ಒಂದು ಸಣ್ಣ ಸ್ವಿಚ್ ಇದೆ. ಗಾಳಿ ಇಲ್ಲ ಎಂದರೆ ಅಜ್ಜ ಗ್ಯಾಸ್ ನಿಲ್ಲಿಸಬೇಕು. ಹನ್ನೊಂದು ವರ್ಷದ ಹಿಂದೆ ಒಂದು ಶನಿವಾರ, ಆ ಸ್ವಿಚ್ಚಿಗೆ ಮೈದಾ ಧೂಳು ಮೆತ್ತಿಕೊಂಡು, ಗಾಳಿ ಚೆನ್ನಾಗಿ ಇದ್ದರೂ ಇಲ್ಲ ಇಲ್ಲ ಎಂದು ಓವನ್ನನ್ನು ನಾಲ್ಕು ಸಲ ನಿಲ್ಲಿಸಿತು. ತುರ್ತು ಆರ್ಡರ್ ಇತ್ತು. ನಾನು ಲ್ಯಾಪ್‌ಟಾಪ್ ಚುಚ್ಚಿ, ಸ್ವಿಚ್ ಏನೇ ಹೇಳಲಿ, ಗಾಳಿ ಇದೆ ಅಂತಲೇ ತಿಳಿದುಕೋ ಎಂದು ಅಜ್ಜನಿಗೆ ಹೇಳಿಬಿಟ್ಟೆ. ನಮ್ಮ ಕಸುಬಿನಲ್ಲಿ ಇದಕ್ಕೆ ಫೋರ್ಸ್ ಹಾಕುವುದು ಎನ್ನುತ್ತಾರೆ. ಫೋರ್ಸ್ ಹಾಕಿದರೆ ಅಜ್ಜನ ಮೇಲೆ ಹಳದಿ ದೀಪ ಹತ್ತಿಕೊಳ್ಳುತ್ತದೆ, ಎಲ್ಲರಿಗೂ ಕಾಣಲಿ ಎಂದು. ಅದಕ್ಕೇ ಟೇಪು. ಸೋಮವಾರ ಸ್ವಿಚ್ ಒರೆಸಿ ತೆಗೆಯೋಣ ಎಂದುಕೊಂಡಿದ್ದೆ. ಸೋಮವಾರ ಪ್ಯಾಕಿಂಗ್ ಮೋಟರ್ ಸುಟ್ಟಿತು. ಆಮೇಲೆ ಎಷ್ಟೋ ಸೋಮವಾರ ಬಂದವು.

ತೊಂದರೆಯೇನಿಲ್ಲ. ಫ್ಯಾನ್ ತಿರುಗುತ್ತಲೇ ಇದೆ. ಆದರೆ ಡಬ್ಬಿಗೆ ಇದು ಕಾಣಿಸಿದರೆ, ಫ್ರಿಜ್ಜಿನ ಮೇಲಿನ ಫಲಕಕ್ಕೆ ನಾನು ಯಾವ ಮುಖ ತೋರಿಸಲಿ?

ಮಾರ್ಚ್ 10, ಭಾನುವಾರ
ಬಿಪಿ: 130/80

ರಜೆ. ಭಾವಮೈದುನ ಊಟಕ್ಕೆ ಬಂದಿದ್ದ. ನನ್ನ ಹೆಂಡತಿಯ ಒಬ್ಬನೇ ತಮ್ಮ. ಆರು ವರ್ಷದ ಹಿಂದೆ ನಾನೇ ಹೇಳಿ ಓವನ್ ಬಾಯಿಯ ಹತ್ತಿರ ಕೆಲಸಕ್ಕೆ ಸೇರಿಸಿದವನು. ಬಿಸ್ಕತ್ತು ಹೊರಬರುವಾಗ ಬಣ್ಣ ನೋಡಿ ಕೆಟ್ಟದ್ದನ್ನು ಆರಿಸುವುದು ಅವನ ಕೆಲಸ. ಮೂರು ತಿಂಗಳಿಂದ ತಲೆನೋವು ಎಂದು ಒಂದೇ ರಾಗ.

"ವಿಚಿತ್ರ ಏನು ಗೊತ್ತಾ ಭಾವ? ಭಾನುವಾರ ಒಂಚೂರೂ ನೋವಿರಲ್ಲ."

"ಇದಕ್ಕೆ ಡಾಕ್ಟ್ರು ಬೇಡ ಕಣೋ. ಸೋಮವಾರಾನೂ ಭಾನುವಾರ ಅಂತ ತಿಳ್ಕೋ, ವಾಸಿಯಾಗುತ್ತೆ," ಎಂದೆ.

ಅವನು ನಕ್ಕ. ನನ್ನ ಹೆಂಡತಿ ನಗಲಿಲ್ಲ. "ನಿಮಗೆ ಎಲ್ಲಾ ತಮಾಷೆ. ಮೊದ್ಲು ಆ ಬಚ್ಚಲು ನಲ್ಲಿ ಸರಿಮಾಡಿ. ಸೈಕಲ್ ಟ್ಯೂಬ್ ಕಟ್ಟಿ ಒಂಬತ್ತು ವರ್ಷ ಆಯ್ತು," ಎಂದಳು.

"ಅದು ತಾತ್ಕಾಲಿಕ."

"ನನ್ನ ಮದುವೆ ಆದಾಗಿಂದ ಈ ಮನೇಲಿ ತಾತ್ಕಾಲಿಕ ಅಲ್ಲದ್ದು ನಾನೊಬ್ಬಳೇ," ಎಂದು ಎದ್ದು ಹೋದಳು. ಟ್ಯೂಬು ಸೋರುತ್ತಿಲ್ಲ. ಸೋರದೆ ಇರುವುದನ್ನು ಬಿಚ್ಚುವುದು ಯಾವ ಜಾಣತನವೋ ತಿಳಿಯದು.

ಮಾರ್ಚ್ 13, ಬುಧವಾರ
ಬಿಪಿ: 130/80

ಡಬ್ಬಿ ಕೂತಿತು. ನೀಲಿ ವೈರನ್ನು ಓವನ್ನಿಂದ ಮ್ಯಾನೇಜರ್ ಕೋಣೆವರೆಗೆ ನಾನೇ ಎಳೆದೆ. ಇನ್ನೊಬ್ಬರ ಕೈಯಲ್ಲಿ ಎಳೆಸಿದರೆ ಬಟ್ಟೆ ಒಣಗುವ ಹಗ್ಗದ ಹಾಗೆ ಕಾಣುತ್ತದೆ.

ನೆಟ್‌ವರ್ಕಿನಲ್ಲಿ ಪ್ರತಿಯೊಂದಕ್ಕೂ ಒಂದು ವಿಳಾಸ ಬೇಕು. ಕೊನೆಯ ನಂಬರನ್ನು ಆಫೀಸಿನವರನ್ನು ಕೇಳಿ ಹಾಕಿ ಸರ್ ಎಂದು ಹೇಳಿ ಡಬ್ಬಿಯವಳು ಚಹಾಕ್ಕೆ ಹೋದಳು. ಆಫೀಸಿನವರನ್ನು ಕೇಳುವುದು! ಬಲ್ಬ್ ಹೋದರೆ ಟ್ಯೂಬ್‌ಲೈಟ್ ಹೋಯಿತು ಎಂದು ಚೀಟಿ ಕಳಿಸುವ ಜನ. ನಮ್ಮ ಮನೆ ನಂಬರ್ 47. ಅದನ್ನೇ ಹಾಕಿದೆ. ಟಿವಿಯಲ್ಲಿ ಓವನ್ ಮೂಡಿತು. ಮ್ಯಾನೇಜರ್ ಮಗು ಹುಟ್ಟಿದ ಹಾಗೆ ಎಲ್ಲರ ಕೈ ಕುಲುಕಿದರು. ನನಗೂ ಸ್ವಲ್ಪ ಖುಷಿಯಾಯಿತು ಎಂದು ಬರೆಯದಿದ್ದರೆ ಸುಳ್ಳಾಗುತ್ತದೆ.

ಮಾರ್ಚ್ 16, ಶನಿವಾರ
ಬಿಪಿ: 130/80

ಮೂರು ದಿನದಿಂದ ಟಿವಿಯಲ್ಲಿ ಓವನ್ ಕಾಣುತ್ತದೆ, ಮಾಯವಾಗುತ್ತದೆ, ಮತ್ತೆ ಕಾಣುತ್ತದೆ. ಕೇಬಲ್ ಎರಡು ಸಲ ಬದಲಿಸಿದ್ದಾಯಿತು. ಮ್ಯಾನೇಜರ್, "ಅಜ್ಜನಿಗೆ ವಯಸ್ಸಾಯ್ತು, ಮರೆವು," ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಇವತ್ತು ಡಬ್ಬಿ ಮೇಡಂ ಒಂದು ಕುರ್ಚಿ ಹಾಕಿಕೊಂಡು ಟಿವಿಯ ಮುಂದೆ ಸುಮ್ಮನೆ ಎರಡು ಗಂಟೆ ಕೂತಳು. ಆಮೇಲೆ ಎದ್ದು ಹೋಗಿ ಲೆಕ್ಕಪತ್ರ ವಿಭಾಗದ ಪ್ರಿಂಟರ್ ಆರಿಸಿದಳು. ಓವನ್ ಬಂತು. ಹಚ್ಚಿದಳು. ಓವನ್ ಹೋಯಿತು. ಪ್ರಿಂಟರಿನ ನಂಬರೂ 47. ಒಂದೇ ವಿಳಾಸಕ್ಕೆ ಇಬ್ಬರು ಮನೆಯವರು. ಯಾರೋ ರಜೆಚೀಟಿ ಪ್ರಿಂಟ್ ಹಾಕಿದಾಗಲೆಲ್ಲ ಅರವತ್ತು ಅಡಿ ಉದ್ದದ ಓವನ್ ಕಾಣೆಯಾಗುತ್ತಿತ್ತು.

ನಾನು ಬೆಪ್ಪಾಗಿ ನಿಂತಿದ್ದೆ. ಮ್ಯಾನೇಜರ್ ಬಂದು ಏನಾಗಿತ್ತು ಎಂದು ಕೇಳಿದರು. ಅವಳು ನನ್ನ ಕಡೆ ನೋಡದೆ, "ನಂಬರ್‌ನಲ್ಲಿ ಒಂದು ಸಣ್ಣ ಗೊಂದಲ ಇತ್ತು ಸರ್, ಸರಿಯಾಯ್ತು," ಎಂದಳು.

ಸಾಯಂಕಾಲ ಅವಳಿಗೆ ಓವನ್ನಿಂದ ಆಗಷ್ಟೇ ಬಂದ ಬಿಸಿ ಬಿಸ್ಕತ್ತು ಒಂದು ಪೊಟ್ಟಣ ಕೊಟ್ಟೆ.

ಮಾರ್ಚ್ 22, ಶುಕ್ರವಾರ
ಬಿಪಿ: 130/80

ಈ ವಾರ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಗಿದೆ. ಸೋಮವಾರದಿಂದ ಟಿವಿಯಲ್ಲಿ 'ನಿಮಿಷಕ್ಕೆ ಪ್ಯಾಕೆಟ್: 235' ಎಂದು ಬರುತ್ತಿತ್ತು. ನಮ್ಮ ಪ್ಯಾಕಿಂಗ್ ಮೆಷಿನ್ ಬೆನ್ನಿಗೆ ರೆಕ್ಕೆ ಕಟ್ಟಿದರೂ 150 ದಾಟುವುದಿಲ್ಲ. ಮ್ಯಾನೇಜರ್ ಅದರ ಫೋಟೋ ತೆಗೆದು ದೊಡ್ಡ ಸಾಹೇಬರಿಗೆ ಕಳಿಸಿದರು. ಅಭಿನಂದನೆ ಬಂತು. 'ನೆಟ್‌ವರ್ಕಿಗೆ ಸೇರಿಸಿದ ಮೇಲೆ ನೌಕರರಲ್ಲಿ ಹೊಸ ಹುರುಪು' ಎಂದು ನೋಟಿಸ್ ಬೋರ್ಡಿಗೂ ಏರಿತು. ಅದರ ಪಕ್ಕದ ಚೌಕದಲ್ಲೇ 'ಓವನ್ ಬಿಸಿ: 18 ಡಿಗ್ರಿ' ಎಂದು ಇತ್ತು. ನಾಲ್ಕು ದಿನ ಹದಿನೆಂಟು ಡಿಗ್ರಿಯಲ್ಲಿ ಬಿಸ್ಕತ್ತು ಬೆಂದದ್ದನ್ನು ಆ ಕೋಣೆಯಲ್ಲಿ ಯಾರೂ ಗಮನಿಸಲಿಲ್ಲ.

ಅಜ್ಜ ತಾನು ಅಂಕಿ ಇಡುವ ಗೂಡುಗಳನ್ನು ಒಂದರಿಂದ ಎಣಿಸುತ್ತಾನೆ, ಡಬ್ಬಿ ಸೊನ್ನೆಯಿಂದ ಎಣಿಸುತ್ತದೆ. ಹಾಗಾಗಿ ಎಲ್ಲರ ಅಂಕಿಯೂ ಒಂದೊಂದು ಮನೆ ಆಚೆ ಹೋಗಿ ಕೂತಿತ್ತು. 235 ಎಂಬುದು ಓವನ್ನಿನ ಬಿಸಿ. 18 ಎಂಬುದು ಬೆಲ್ಟಿನ ವೇಗ. ಎಂಜಿನಿಯರ್ ನಾಚಿಕೊಂಡು, ತಪ್ಪು ನನ್ನದೇ ಎಂದು ಮ್ಯಾನೇಜರಿಗೆ ನೇರವಾಗಿ ಹೇಳಿ ಸರಿಮಾಡಿದಳು. ಪ್ಯಾಕೆಟ್ 138ಕ್ಕೆ ಇಳಿಯಿತು.

ಮ್ಯಾನೇಜರ್ ಮುಖ ನೋಡಬೇಕಿತ್ತು. "ಮೊದಲಿನ ಹಾಗೇ ಇಡೋಕಾಗಲ್ವಾ?" ಎಂದರು.

"ಮೊದಲಿನದು ಸುಳ್ಳಲ್ವಾ ಸರ್?"

"ಸುಳ್ಳು ಅಂತ ಯಾಕಮ್ಮ ಅಂತೀಯ? ಅದೂ ಓವನ್ನಿಂದಲೇ ಬಂದ ನಂಬರ್ ತಾನೆ?"

ಮನೆಗೆ ಬಂದು ಹೆಂಡತಿಯ ಮುಂದೆ ಮ್ಯಾನೇಜರನ್ನು ಆಡಿ ತೋರಿಸಿದೆ. ಕಣ್ಣಿಗೆ ಕಂಡದ್ದು ನಿಜವೋ ಅಲ್ಲವೋ ಎಂದೂ ನೋಡದೆ, ಚೆನ್ನಾಗಿ ಕಂಡರೆ ಸಾಕು ಎನ್ನುವ ಮನುಷ್ಯ! ಹೆಂಡತಿ ನಕ್ಕಳು. ಬಿಪಿ ಮೆಷಿನ್‌ಗೆ ಸೆಲ್ ತಂದಿರಾ ಎಂದಳು. ಮರೆತಿದ್ದೆ.

ಟಿವಿಯಲ್ಲಿ ಹೊಸದೊಂದು ಸಾಲೂ ಸೇರಿದೆ, ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ: 'ಓವನ್ ಕೆಟ್ಟು ನಿಲ್ಲದೆ ನಡೆದ ದಿನಗಳು: 4003'. ಗುಂಡಿ ಒತ್ತಿದ ಮೇಲೆ ದೊಡ್ಡ ಸಾಹೇಬರು ನನಗೆ ಶಾಲು ಹೊದಿಸುತ್ತಾರಂತೆ. ಆ ಫಲಕ ಕೊಟ್ಟ ಮೇಲೆ ಇದನ್ನು ನನ್ನ ಹೆಂಡತಿ ಬಿಟ್ಟು ಯಾರೂ ಎಣಿಸಿರಲಿಲ್ಲ. ಅವಳೂ ಬೇಸರಕ್ಕೆ ಎಣಿಸುತ್ತಿದ್ದಳು.

ಮಾರ್ಚ್ 25, ಸೋಮವಾರ
ಬಿಪಿ: 130/80

ಬೆಳಿಗ್ಗೆ ಎಂಜಿನಿಯರ್ ನನ್ನನ್ನು ಪಕ್ಕಕ್ಕೆ ಕರೆದಳು. ಕೈಯಲ್ಲಿ ಒಂದು ಗೆರೆಚಿತ್ರ.

"ಸರ್, ನಿನ್ನೆ ರಜಾ. ಎಲ್ಲಾ ಫ್ಯಾನ್ ನಿಂತಿತ್ತು ಅಲ್ವಾ?"

"ಹೌದು."

"ಹೊಗೆ ಕೊಳವೇಲಿ ಮಾತ್ರ ಇಡೀ ದಿನ ಗಾಳಿ ಇದೆ ಅಂತ ತೋರಿಸ್ತಿದೆ."

ಡಬ್ಬಿ ಭಾನುವಾರವೂ ನಿದ್ದೆ ಮಾಡುವುದಿಲ್ಲ ಎಂದು ನನಗೆ ಹೊಳೆದೇ ಇರಲಿಲ್ಲ. "ಹಳೇ ಸ್ವಿಚ್ಚು, ಅಂಟಿಕೊಳ್ಳುತ್ತೆ," ಎಂದೆ. ನಾಲಿಗೆಗೆ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ.

"ಒಂದ್ಸಲ ನಿಮ್ಮ ಲ್ಯಾಪ್‌ಟಾಪ್ ಚುಚ್ಚಿ ನೋಡೋಣ್ವಾ?"

"ಕೇಬಲ್ ಮನೇಲಿದೆ. ನೋಡೋಣ, ಇನ್ನೊಂದಿನ."

ಕೇಬಲ್ ನನ್ನ ಟೂಲ್ ಪೆಟ್ಟಿಗೆಯಲ್ಲೇ ಇತ್ತು, ನಾವಿಬ್ಬರೂ ಅದರ ಪಕ್ಕದಲ್ಲೇ ನಿಂತಿದ್ದೆವು. ಅವಳು ಸರಿ ಸರ್ ಎಂದಳು. ಆ ಸರ್ ಎಂಬುದನ್ನು ಅವಳು ಮೊದಲ ದಿನದ ಹಾಗೆಯೇ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 28, ಗುರುವಾರ

ಬಿಪಿ ಬರೆದಿಲ್ಲ. ಬೇಸರ.

ಶಾಲಿಗೆ ಅಳತೆ ಬೇಡವಂತೆ, ಎಲ್ಲರಿಗೂ ಆಗುತ್ತದಂತೆ.

ಏಪ್ರಿಲ್ 3, ಬುಧವಾರ

ಭಾವಮೈದುನ ಬಿದ್ದ. ಮಧ್ಯಾಹ್ನ ಮೂರಕ್ಕೆ, ಓವನ್ ಬಾಯಿಯ ಹತ್ತಿರ, ನಿಂತಲ್ಲೇ ಕುಸಿದ. ಹೊರಗೆ ಎತ್ತಿಕೊಂಡು ಬಂದು ಗಾಳಿಗೆ ಮಲಗಿಸಿದೆವು. ಹತ್ತು ನಿಮಿಷಕ್ಕೆ ಕಣ್ಣು ಬಿಟ್ಟು, "ಬಿಸ್ಕತ್ತು ಕರಿದಾಗ್ತಿದೆ ನೋಡಿ ಭಾವ," ಎಂದ. ಡಾಕ್ಟರು ಸುಸ್ತು ಎಂದರು, ಎರಡು ದಿನ ಮಲಗಲಿ ಎಂದರು.

ಭಾನುವಾರ ತಲೆನೋವು ಇರುವುದಿಲ್ಲ. ಭಾನುವಾರವೂ ಗಾಳಿ ಇದೆ ಎನ್ನುತ್ತಾನೆ ಅಜ್ಜ. ಇವೆರಡನ್ನೂ ಇದೇ ನೋಟ್‌ಬುಕ್ಕಿನಲ್ಲಿ ನಾನೇ ಬರೆದಿದ್ದೇನೆ.

ಏಪ್ರಿಲ್ 4, ಗುರುವಾರ
ಬಿಪಿ: 172/104

ಇದು ಅಂದಾಜಲ್ಲ.

ಇವತ್ತು ಭಾವಮೈದುನನ ಜಾಗದಲ್ಲಿ ಬೇರೆ ಯಾರನ್ನೂ ನಿಲ್ಲಲು ಬಿಡಲಿಲ್ಲ. ನಾನೇ ನಿಂತೆ. ಮ್ಯಾನೇಜರ್ ನೋಡಿ, "ಹಿರಿಯರು ಹೀಗೆ ಮುಂದೆ ಬರ್ಬೇಕು," ಎಂದು ಒಂದು ಫೋಟೋ ತೆಗೆದುಕೊಂಡರು. ಹನ್ನೊಂದಕ್ಕೆ ಹಣೆ ಬಿಗಿಯಿತು. ಒಂದಕ್ಕೆ ಊಟ ಸೇರಲಿಲ್ಲ. ಮೂರಕ್ಕೆ ಕಣ್ಣಿನ ಹಿಂದೆ ಸುತ್ತಿಗೆಯಲ್ಲಿ ಬಡಿದ ಹಾಗಾಗುತ್ತಿತ್ತು. ಇದನ್ನು ಅವನು ಮೂರು ತಿಂಗಳು ಹೊತ್ತಿದ್ದಾನೆ. ನಾನು ತಮಾಷೆ ಮಾಡಿದ್ದೇನೆ. ನಾಚಿಕೆಯಾಗುತ್ತದೆ.

ನೇರ ಮ್ಯಾನೇಜರ್ ಕೋಣೆಗೆ ಹೋದೆ. ಫೋರ್ಸ್ ವಿಷಯ ಮೊದಲಿಂದ ಕೊನೆವರೆಗೆ ಹೇಳಿದೆ. ಓವನ್ ಈಗಲೇ ನಿಲ್ಲಿಸಿ, ಮೇಲೆ ಹತ್ತಿ ಫ್ಯಾನ್ ನೋಡಬೇಕು ಎಂದೆ. ಅವರು ಬಾಗಿಲು ಹಾಕಿದರು.

"ಹನ್ನೊಂದು ವರ್ಷ ಇದ್ದದ್ದು ಇನ್ನೊಂದು ದಿನ ಇರ್ಲಿ ಬಿಡಿ. ನಾಳೆ ಸಾಹೇಬ್ರು ಬಂದು ಹೋಗ್ಲಿ. ಸೋಮವಾರ ನೋಡೋಣ."

ಸೋಮವಾರ! ನನ್ನ ಮಾತನ್ನೇ ನನಗೆ ತಿರುಗಿಸಿ ಕೊಟ್ಟ ಹಾಗಾಯಿತು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ಹೊರಗೆ ಬಂದು ಶಿಫ್ಟ್ ಮುಗಿಯುವ ತನಕ ಓವನ್ ಕೋಣೆಯ ಬಾಗಿಲು ಕಿಟಕಿ ಎಲ್ಲ ತೆಗೆಸಿದೆ. ಮೈದಾ ಹಾರುತ್ತದೆ ಎಂದು ಬೈಸಿಕೊಂಡೆ. ಆಮೇಲೆ ಎಂಜಿನಿಯರ್ ಹತ್ತಿರ ಹೋಗಿ, ಟೂಲ್ ಪೆಟ್ಟಿಗೆಯಿಂದ ಕೇಬಲ್ ತೆಗೆದು ಕೈಗೆ ಕೊಟ್ಟೆ. "ಮನೇಲಿರಲಿಲ್ಲಮ್ಮ. ಇಲ್ಲೇ ಇತ್ತು," ಎಂದೆ.

"ಗೊತ್ತು ಸರ್," ಎಂದಳು. "ಬೆಳಿಗ್ಗೆ ಎಷ್ಟು ಗಂಟೆಗೆ ಬರ್ಲಿ?"

ಮನೆಯಲ್ಲಿ ಹೆಂಡತಿಗೂ ಹೇಳಿದೆ. ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಮೆಲ್ಲಗೆ, "ಆ ಜಾಗಕ್ಕೆ ನನ್ನ ತಮ್ಮನ್ನ ನಿಲ್ಸಿದ್ದೂ ನೀವೇ ಅಲ್ವಾ?" ಎಂದಳು. ನಾನು ಹೌದು ಎಂದೆ. ಅವಳು ಒಳಗೆ ಹೋಗಿ ಬಿಪಿ ಮೆಷಿನ್ ತಂದು ಮೇಜಿನ ಮೇಲಿಟ್ಟಳು. ಸೆಲ್ ಹಾಕಿದ್ದಳು. ತಾನೇ ನನ್ನ ತೋಳಿಗೆ ಪಟ್ಟಿ ಸುತ್ತಿದಳು, ಸ್ವಲ್ಪ ಬಿಗಿಯಾಗಿಯೇ.

ಏಪ್ರಿಲ್ 5, ಶುಕ್ರವಾರ
ಬಿಪಿ: ಬೆಳಿಗ್ಗೆ 166/100. ಸಾಯಂಕಾಲ ನೋಡಲು ಧೈರ್ಯ ಬರಲಿಲ್ಲ.

ಏಳು ಗಂಟೆಗೆ ಓವನ್ ಹಚ್ಚುವ ಮೊದಲೇ ನಾನೂ ಎಂಜಿನಿಯರೂ ಕಪಾಟಿನ ಮುಂದೆ ಕೂತೆವು. ಟೇಪ್ ಕಿತ್ತೆ. ಕೆಳಗೆ ಹಳದಿ ದೀಪ ಹನ್ನೊಂದು ವರ್ಷವೂ ಉರಿಯುತ್ತಲೇ ಇತ್ತು, ಪಾಪ. ಮೇಲೆ ಹತ್ತಿ ಆ ಸ್ವಿಚ್ಚನ್ನು ಬಿಚ್ಚಿ ಒರೆಸಿ ಮತ್ತೆ ಕೂರಿಸಿದೆ. ಹನ್ನೆರಡು ನಿಮಿಷ ಹಿಡಿಯಿತು. ಹನ್ನೆರಡೇ ನಿಮಿಷ. ಇಳಿದು ಬಂದು ಫೋರ್ಸ್ ತೆಗೆದೆ. ಹಳದಿ ದೀಪ ಆರಿತು. ಫ್ಯಾನ್ ಹಾಕಿದೆವು, ಅದು ಸದ್ದು ಮಾಡಿಕೊಂಡು ತಿರುಗಿತು. ಅಜ್ಜ ಒಂದು ಕ್ಷಣ ನೋಡಿ, ಗಾಳಿ ಇಲ್ಲ ಎಂದು ಗ್ಯಾಸ್ ಕೊಡಲಿಲ್ಲ.

ಮತ್ತೆ ಹತ್ತಿ ಫ್ಯಾನಿನ ಮುಚ್ಚಳ ಬಿಚ್ಚಿದೆ. ಮೂರು ಬೆಲ್ಟ್ ಇರಬೇಕಾದಲ್ಲಿ ಎರಡು ಹರಿದು ಬಿದ್ದಿದ್ದವು. ಮೂರನೆಯದು ಸಡಿಲವಾಗಿ ಜಾರುತ್ತಿತ್ತು. ಕೊಳವೆಯಲ್ಲಿ ಮಸಿಯೂ ಮೈದಾವೂ ಸೇರಿ ಅಂಗೈ ದಪ್ಪ ಕಟ್ಟಿತ್ತು. ಹೊಗೆ ಹೋಗಲು ದಾರಿಯಿಲ್ಲದೆ ಓವನ್ ಬಾಯಿಯಿಂದ ಹೊರಬರುತ್ತಿತ್ತು, ನನ್ನ ಭಾವಮೈದುನನ ಮುಖಕ್ಕೆ.

ಒಂಬತ್ತಕ್ಕೆ ಮ್ಯಾನೇಜರ್ ಬಂದು ಟಿವಿ ನೋಡಿ ತಲೆಯ ಮೇಲೆ ಕೈ ಹೊತ್ತರು. ಪರದೆ ಪೂರ್ತಿ ಕೆಂಪು. ಎಂಜಿನಿಯರ್ ಹತ್ತಿರ ಹೋಗಿ, "ಒಂದ್ಗಂಟೆ ಮಟ್ಟಿಗೆ ಹಸಿರು ಮಾಡಮ್ಮ," ಎಂದು ಕೈ ಮುಗಿಯುವುದೊಂದು ಬಾಕಿ.

"ಬಣ್ಣ ನಾನು ಹಾಕೋದಲ್ಲ ಸರ್. ಅಜ್ಜ ಹೇಳಿದ್ದು ಬರುತ್ತೆ."

ಹತ್ತಕ್ಕೆ ದೊಡ್ಡ ಸಾಹೇಬರು ಬಂದರು. ರಿಬ್ಬನ್ ಕತ್ತರಿಸಿ ಗುಂಡಿ ಒತ್ತಿದರು. ಅಷ್ಟು ದೊಡ್ಡ ಗೋಡೆ ತುಂಬ ಕೆಂಪು ಉಕ್ಕಿತು. 'ಹೊಗೆ ಫ್ಯಾನ್: ಗಾಳಿ ಇಲ್ಲ. ಓವನ್: ನಿಂತಿದೆ. ಕೆಟ್ಟು ನಿಲ್ಲದೆ ನಡೆದ ದಿನಗಳು: 0'. ಹರಿದ ಬೆಲ್ಟುಗಳನ್ನು ಹಿಡಿದುಕೊಂಡು ನಾನು ಬಾಗಿಲಲ್ಲಿ ನಿಂತಿದ್ದೆ.

ಮ್ಯಾನೇಜರ್ ನಾಲಿಗೆಯನ್ನು ಮೆಚ್ಚಬೇಕು. "ಸರ್, ಇದು ಡೆಮೊ. ತೊಂದರೆ ಆದ್ರೆ ಹೇಗೆ ಕಾಣುತ್ತೆ ಅಂತ ತೋರ್ಸೋಕೆ ಬೇಕೂಂತ್ಲೇ ಓವನ್ ನಿಲ್ಸಿದ್ದೀವಿ," ಎಂದರು.

"ಭಲೇ!" ಎಂದರು ಸಾಹೇಬರು. "ಎಷ್ಟು ಚೆನ್ನಾಗಿ ಕಾಣ್ತಿದೆ! ಕೆಂಪು ಬಹಳ ಚೆನ್ನಾಗಿ ಬಂದಿದೆ." ಎಲ್ಲರೂ ಚಪ್ಪಾಳೆ ತಟ್ಟಿದರು. ಶಾಲು ತಟ್ಟೆಯಲ್ಲಿ ಕಾಯುತ್ತಿತ್ತು. ಮ್ಯಾನೇಜರ್ ನನಗೆ ಕಣ್ಣಿನಲ್ಲೇ ಬಾ ಎಂದರು. ಹೋಗಿ ತಲೆ ಬಗ್ಗಿಸಿದ್ದರೆ ಮುಗಿದುಹೋಗುತ್ತಿತ್ತು.

"ಡೆಮೊ ಅಲ್ಲ ಸರ್," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಓವನ್ ನಿಜವಾಗ್ಲೂ ನಿಂತಿದೆ. ಗಾಳಿ ಇಲ್ಲ. ಇಲ್ದೆ ಎಷ್ಟು ದಿನ ಆಯ್ತೋ ಯಾರಿಗೂ ಗೊತ್ತಿಲ್ಲ. ಯಾಕಂದ್ರೆ ಹನ್ನೊಂದು ವರ್ಷದಿಂದ ಅಜ್ಜನ ಕೈಲಿ ಇದೆ ಇದೆ ಅಂತ ಹೇಳ್ಸಿದ್ದು ನಾನು. ಮೊನ್ನೆ ಒಬ್ಬ ಮನುಷ್ಯ ಬಿದ್ದ. ನನ್ನ ಹೆಂಡ್ತಿ ತಮ್ಮ."

ಸಾಹೇಬರು ಬೆಲ್ಟ್ ನೋಡಿದರು, ನನ್ನ ಮಸಿ ಕೈ ನೋಡಿದರು, ಗಡಿಯಾರ ನೋಡಿದರು. "ಪ್ರಾಮಾಣಿಕತೆ ನಮ್ಮ ಸಂಸ್ಥೆಯ ಬುನಾದಿ," ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ಚಹಾಕ್ಕೆ ನಡೆದರು. ಶಾಲನ್ನು ಟಿವಿ ತಂದವನಿಗೆ ಹೊದಿಸಿದರಂತೆ. ನಾನು ನೋಡಲಿಲ್ಲ, ಮೇಲೆ ಹೊಸ ಬೆಲ್ಟ್ ಹಾಕುತ್ತಿದ್ದೆ. ಕೆಳಗಿನಿಂದ ಸ್ಪ್ಯಾನರ್ ಎತ್ತಿಕೊಡುತ್ತಿದ್ದವಳು ಎಂಜಿನಿಯರ್. ಎರಡೂವರೆಗೆ ಅಜ್ಜ ಗಾಳಿ ಇದೆ ಎಂದ. ಈ ಸಲ ಅವನೇ ನೋಡಿ ಹೇಳಿದ್ದು.

ಏಪ್ರಿಲ್ 8, ಸೋಮವಾರ
ಬಿಪಿ: 160/98

ಮೆಮೊ ಬಂದಿದೆ. 'ಏಪ್ರಿಲ್ 5ರಂದು ಓವನ್ ಏಳೂವರೆ ಗಂಟೆ ಕಾಲ ನಿಂತದ್ದಕ್ಕೆ ಕಾರಣ ತಿಳಿಸುವುದು.' ನಡೆದ ಹನ್ನೊಂದು ವರ್ಷಕ್ಕೆ ಯಾರೂ ಕಾರಣ ಕೇಳಿಲ್ಲ. ನಾನು ಎರಡಕ್ಕೂ ಬರೆದು ಕೊಟ್ಟೆ. ಅದರ ಜೊತೆಗೆ ಫ್ರಿಜ್ಜಿನ ಮೇಲಿನ ಫಲಕವನ್ನೂ ಒರೆಸಿ ಇಟ್ಟೆ. ಗುಮಾಸ್ತರು, ಇದಕ್ಕೆ ಯಾವ ಫಾರಂ ಎಂದು ತಿಳಿಯದೆ ವಾಪಸ್ ಕೊಟ್ಟರು.

ಭಾವಮೈದುನ ಕೆಲಸಕ್ಕೆ ಬಂದ. ಶನಿವಾರವೇ ಅವನ ಮನೆಗೆ ಹೋಗಿ ಎಲ್ಲ ಹೇಳಿದ್ದೆ. ಒಂದು ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ಇವತ್ತು ಸಾಯಂಕಾಲ ಓವನ್ ಬಾಯಿಯಿಂದ ನನ್ನ ಬೆಂಚಿನ ತನಕ ನಡೆದು ಬಂದ.

"ತಲೆನೋವಿಲ್ಲ ಭಾವ. ಏನೋ ಕಳ್ಕೊಂಡ ಹಾಗಿದೆ," ಎಂದ.

ನನಗೆ ಕಣ್ಣು ತುಂಬಿತು. ಕ್ಷಮಿಸು ಕಣೋ ಎಂದೆ. ಅವನು ಒಂದು ಮುರಿದ ಬಿಸ್ಕತ್ತು ನನ್ನ ಬಾಯಿಗೆ ತುರುಕಿ ಹೋದ.

ಎಂಜಿನಿಯರ್ ಇವತ್ತು ಹೊರಟಳು. ಅಜ್ಜನ ಪ್ರೋಗ್ರಾಮಿನ ಪ್ರತಿ, ಕೇಬಲ್, ಯಾವ ಗೂಡಿನಲ್ಲಿ ಏನಿದೆ ಎಂಬ ನನ್ನ ಕೈಬರಹದ ಪಟ್ಟಿ, ಎಲ್ಲವನ್ನೂ ಕೊಟ್ಟು ಕಳಿಸಿದೆ. ಹೋಗುವ ಮುಂಚೆ ಇಬ್ಬರೂ ಮ್ಯಾನೇಜರ್ ಕೋಣೆಗೆ ಹೋದೆವು. ಟಿವಿ ಹಸಿರಾಗಿತ್ತು. ಕೆಟ್ಟು ನಿಲ್ಲದ ದಿನಗಳ ಸಾಲು ಮಾತ್ರ ಕಾಣಲಿಲ್ಲ. ಅದು ಇರಬೇಕಾದ ಜಾಗಕ್ಕೆ ಸರಿಯಾಗಿ ಕಂಪನಿಯ ಕ್ಯಾಲೆಂಡರ್ ತೂಗುಹಾಕಿದ್ದರು.

"ನೂರು ದಾಟ್ಲಿ, ತೆಗೀತೀವಿ," ಎಂದರು ಮ್ಯಾನೇಜರ್.

ಅವರು ಫೋನ್ ಎತ್ತಿಕೊಂಡು ಹೊರಗೆ ಹೋದಾಗ ಕ್ಯಾಲೆಂಡರ್ ಇಳಿಸಿ ಅವರ ಮೇಜಿನ ಮೇಲಿಟ್ಟೆ. ಅದರ ಹಿಂದೆ ಟಿವಿಯಲ್ಲಿ 3 ಎಂದಿತ್ತು.

ಏಪ್ರಿಲ್ 9, ಮಂಗಳವಾರ
ಬಿಪಿ: 158/96

ಡಾಕ್ಟರಿಗೆ ತೋರಿಸುವ ದಿನ. ಅಂಕಿಗಳನ್ನು ಬೇರೆ ಹಾಳೆಗೆ ಇಳಿಸಿಕೊಳ್ಳಲು ಕೂತೆ, ಬೇಡವೆನ್ನಿಸಿತು. ನೋಟ್‌ಬುಕ್ಕನ್ನೇ ಕೊಟ್ಟೆ. ಅವರು ಮೇಲಿನ ಸಾಲುಗಳನ್ನಷ್ಟೇ ನೋಡುತ್ತಾ ಪುಟ ತಿರುವಿದರು. ನೂರಮೂವತ್ತು, ನೂರಮೂವತ್ತು, ನೂರಮೂವತ್ತು. ಆಮೇಲೆ ಕನ್ನಡಕ ಸರಿಮಾಡಿಕೊಂಡರು.

"ಇದೇನ್ರೀ, ಒಂದೇ ಸಲ ಹೀಗೆ ಏರಿದೆ? ನಾಲ್ಕನೇ ತಾರೀಕು ಏನಾಯ್ತು?"

"ಏರಿಲ್ಲ ಡಾಕ್ಟ್ರೇ. ಮೊದಲೂ ಇಷ್ಟೇ ಇದ್ದಿರ್ಬೇಕು. ಅವತ್ತಿಂದ ಕಾಣ್ತಿದೆ," ಎಂದೆ.

ಅವರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಬರುವ ದಾರಿಯಲ್ಲಿ ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಂಡೆ. ಅಂಗಡಿಯ ಪಕ್ಕದಲ್ಲೇ ನಲ್ಲಿ ಸಾಮಾನಿನವನಿದ್ದ, ಬಚ್ಚಲಿಗೆಂದು ಒಂದು ವಾಷರ್ ಕೂಡ ತೆಗೆದುಕೊಂಡೆ.